ಕಾವು ಕಳೆಯುವ ಕಸುಬು: ಹುಸಿಹೊರೆಯ ಚರಿತ್ರೆಯ ಕೆಲವು ನೆಲೆಗಳು

ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ನದಿಯ ದಂಡೆಯ ಊರು. ಬಯಲಾಟಗಳ ಕುರಿತ ಕ್ಷೇತ್ರಕಾರ್ಯಕ್ಕೆಂದು ಒಂದು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಮಧ್ಯಾಹ್ನದ ಹೊತ್ತಿನಲ್ಲಿ ಕಂಡ ಸಣ್ಣ ಸಂಗತಿಯೊಂದು ಪ್ರಸ್ತುತ ಲೇಖನಕ್ಕೆ ಕಾರಣವಾಗಿದೆ. ರಾತ್ರಿಯ ಆಟಕ್ಕೆ ಮೈಕ್‌ಸೆಟ್ ತಂದವರು ಆಗತಾನೆ ರಿಪೇರಿಯಾಗಿ ಬಂದಿದ್ದ ಆಂಪ್ಲಿಫಯರನ್ನು ಪರೀಕ್ಷಿಸಿಕೊಳ್ಳಬೇಕಾಗಿತ್ತು. ಅವರು ಹಾರ್ನ್‌ಗಳನ್ನು ಜೋಡಿಸಲಿಲ್ಲ. ನೀರು ಕಾಯಿಸುವ ಹೀಟರ್ ರಾಡೊಂದನ್ನು ನೀರು ತುಂಬಿದ ಬಕೀಟಿನಲ್ಲಿ ಇಳಿಬಿಟ್ಟು, ಆಂಪ್ಲಿಫಯರಿನ 100 ವೋಲ್ಟ್ ಲೈನಿನ ಎರಡು ತಂತಿಗಳನ್ನು ಅದಕ್ಕೆ ಸೇರಿಸಿದರು. ಕಾರಣ ಕೇಳಿದಾಗ, "ಮಂದಿ ಮಲಗ್ಯಾರ್ರಿ ಸರ, ಈಗ ಒದರಿಸಿದ್ರ ಬೈತಾರ. ಅರ್ಧಾ ತಾಸು ನೀರಿಗೆ ಕೇಳಸ್ತೀನಿ" ಎಂಬ ಉತ್ತರ ಬಂತು. ಅರ್ಧ ತಾಸಿನ ತರುವಾಯ ಸ್ವಿಚ್ಚು ಆರಿಸಿ, ತಂತಿ ಬಿಚ್ಚಿ, ನೀರಿನಲ್ಲಿ ಬೆರಳಿಟ್ಟು ನೋಡಿ ತಲೆಯಾಡಿಸಿದರು. ಆಂಪ್ಲಿಫಯರು ಸರಿಯಾಗಿತ್ತು.

ಆ ಬೆರಳಿನ ಹಿಂದಿರುವ ಲೆಕ್ಕವನ್ನು ಬಿಡಿಸಿ ನೋಡಿದರೆ ಅದು ಎಷ್ಟು ಕರಾರುವಾಕ್ಕಾಗಿದೆ ಎಂಬುದು ತಿಳಿಯುತ್ತದೆ. 230 ವೋಲ್ಟಿಗೆ ತಯಾರಾದ 1000 ವ್ಯಾಟಿನ ರಾಡಿನ ರೋಧ ಸುಮಾರು 53 ಓಮ್. ಅದೇ ರಾಡಿಗೆ 100 ವೋಲ್ಟ್ ಕೊಟ್ಟರೆ ಅದು ಸುಮಾರು 190 ವ್ಯಾಟಿನಷ್ಟನ್ನು ಮಾತ್ರ ಹೀರುತ್ತದೆ. ಊರ ಜಾತ್ರೆಗಳಲ್ಲಿ ಬಳಕೆಯಾಗುವ ಆಂಪ್ಲಿಫಯರಿಗೆ ಅದು ಹೆಚ್ಚುಕಡಿಮೆ ಪೂರ್ಣ ಹೊರೆ. ಒಂದೇ ಸಮನಾದ ನಾದವನ್ನು ಅರ್ಧ ತಾಸು ಕೊಟ್ಟರೆ 15 ಲೀಟರ್ ನೀರಿನ ತಾಪ ಐದು ಡಿಗ್ರಿಯಷ್ಟು ಏರುತ್ತದೆ. ಇಷ್ಟು ಏರಿಕೆ ಬೆರಳಿಗೆ ತಿಳಿಯುತ್ತದೆ. ಏರದಿದ್ದರೆ ಯಂತ್ರದಲ್ಲಿ ಕಸುವಿಲ್ಲವೆಂದು ಅರ್ಥ. ಲೋಕಕ್ಕೆ ಕೇಳಿಸದ ಆ ಸದ್ದೆಲ್ಲವೂ ಬಕೀಟಿನಲ್ಲಿ ಕಾವಾಗಿ ನಿಂತಿತ್ತು.

ಹೀಗೆ, ಯಂತ್ರದ ಶಕ್ತಿಯನ್ನು ಅದರ ನಿಜವಾದ ಉಪಯೋಗಕ್ಕೆ ಒಡ್ಡದೆ, ಪರೀಕ್ಷೆಗಾಗಿ ಮಾತ್ರ ಹೀರಿಕೊಂಡು ಕಾವಾಗಿಸಿ ಹೊರಹಾಕುವ ಸಾಧನವನ್ನು ತಂತ್ರಜ್ಞರು ಡಮ್ಮಿ ಲೋಡ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು 'ಹುಸಿಹೊರೆ' ಎಂದು ಕರೆಯಲಾಗಿದೆ. ವಿದ್ಯುತ್ತಿನ ಚರಿತ್ರೆಯನ್ನು ಬರೆದವರು ಉತ್ಪಾದನೆ, ಸಾಗಣೆ ಮತ್ತು ಬಳಕೆಗಳನ್ನು ಕುರಿತು ವಿಪುಲವಾಗಿ ಬರೆದಿದ್ದಾರೆ. ಏನನ್ನೂ ಉತ್ಪಾದಿಸದ, ಏನನ್ನೂ ಬೆಳಗಿಸದ, ಕಾವನ್ನು ಗಾಳಿಗೋ ನೀರಿಗೋ ಒಪ್ಪಿಸುವುದಷ್ಟೇ ಕೆಲಸವಾದ ಈ ಸಾಧನಕ್ಕೆ ಆ ಚರಿತ್ರೆಗಳಲ್ಲಿ ಸ್ಥಾನ ದೊರೆತಿಲ್ಲ. ಅದರ ತಿಳಿವಳಿಕೆಯ ಬಹುಭಾಗ ಕೆಲಸಗಾರರ ಕೈಯಲ್ಲಿ, ಮಾತಿನಲ್ಲಿ ಉಳಿದುಬಂದಿರುವುದೇ ಇದಕ್ಕೆ ಕಾರಣ. ಆದ್ದರಿಂದಲೇ ಇದು ಕಸುಬಿನ ಜಾನಪದದ ವ್ಯಾಪ್ತಿಗೆ ಸೇರಬೇಕಾದ ವಿಷಯವೆಂಬುದು ನನ್ನ ನಿಲುವು.

ಹುಸಿಹೊರೆಯ ಕಲ್ಪನೆ ವಿದ್ಯುತ್ತಿಗಿಂತ ಹಳೆಯದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆಗಳು, ಪೈಲ್ವಾನರು ಸಂಗ್ರಾಣಿ ಕಲ್ಲು ಎತ್ತುವ ಪ್ರದರ್ಶನಗಳು ನಮಗೆಲ್ಲ ಪರಿಚಿತ. ಎಳೆದ ಆ ಕಲ್ಲಿನಿಂದ ಯಾರ ಮನೆಯ ಗೋಡೆಯೂ ಏಳುವುದಿಲ್ಲ. ಎತ್ತಿನ ಕಸುವು ಎಷ್ಟೆಂಬುದು ನಾಲ್ಕು ಜನರ ಮುಂದೆ ಗೊತ್ತಾಗುತ್ತದೆ, ಅಷ್ಟೆ. ಕಲ್ಲು ಉಜ್ಜಿದ ನೆಲವನ್ನು ಮುಟ್ಟಿ ನೋಡಿದವರಿಗೆ ಆ ಕಸುವು ಎಲ್ಲಿ ಹೋಯಿತೆಂಬುದೂ ತಿಳಿದಿರುತ್ತದೆ. ಫ್ರಾನ್ಸಿನ ಗಾಸ್ಪಾರ್ ದ ಪ್ರೊನಿ 1821ರ ಸುಮಾರಿಗೆ ರೂಪಿಸಿದ ಬ್ರೇಕು ಇದೇ ತತ್ತ್ವದ್ದು. ತಿರುಗುವ ಚಕ್ರವನ್ನು ಮರದ ತುಂಡುಗಳಿಂದ ಬಿಗಿಹಿಡಿದು, ಆ ಹಿಡಿತವನ್ನು ತೂಕದಿಂದ ಅಳೆದು, ಯಂತ್ರದ ಸಾಮರ್ಥ್ಯವನ್ನು ಕಂಡುಹಿಡಿಯುವ ಉಪಾಯವದು. ಮರ ಸುಟ್ಟುಹೋಗದಂತೆ ನೀರು ಹನಿಸಬೇಕಾಗುತ್ತಿತ್ತು. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಕೆಲಸ ಮತ್ತು ಕಾವು ಒಂದೇ ಶಕ್ತಿಯ ಎರಡು ರೂಪಗಳೆಂಬುದನ್ನು ಅಳತೆಯ ಮೂಲಕ ತೋರಿಸಿದ. ತಂತಿಯಲ್ಲಿ ಹುಟ್ಟುವ ಕಾವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದೂ ಅವನದೇ ಶೋಧ. 1877ರಲ್ಲಿ ವಿಲಿಯಂ ಫ್ರೂಡ್ ಹಡಗಿನ ಯಂತ್ರಗಳಿಗಾಗಿ ಮರದ ಬ್ರೇಕಿನ ಬದಲು ನೀರನ್ನೇ ಕಲಕಿ ಶಕ್ತಿ ಹೀರುವ ಸಾಧನವನ್ನು ತಂದ. ಪ್ರೊನಿಯ ಬ್ರೇಕು ಮಾತ್ರ ಇಂದಿಗೂ ನಮ್ಮಿಂದ ದೂರವಾಗಿಲ್ಲ. ಗುಲಬರ್ಗಾದಲ್ಲಿ 1958ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದ ಮೇಲೆ ಈ ಭಾಗದ ಮಕ್ಕಳು ಕಲಿತ ಪ್ರಯೋಗಗಳಲ್ಲಿ ಮೋಟಾರಿನ ಡ್ರಮ್ಮಿಗೆ ಬೆಲ್ಟು ಬಿಗಿದು, ಡ್ರಮ್ಮಿನ ಒಳಗೆ ನೀರು ಸುರಿಯುತ್ತ ಮಾಡುವ ಪರೀಕ್ಷೆಯೂ ಒಂದು. ಅಂಕಪಟ್ಟಿಯ ಆಚೆ ಅವರಿಗೆ ನೆನಪುಳಿಯುವುದು ಬಿಸಿ ಬೆಲ್ಟಿನ ವಾಸನೆಯೇ ಇರಬೇಕು.

ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿದದ್ದು 1902ರ ಜೂನ್‌ನಲ್ಲಿ. ಬೆಂಗಳೂರಿನ ಬೀದಿ ದೀಪಗಳು ಅದರಿಂದ ಬೆಳಗಿದ್ದು 1905ರಲ್ಲಿ. ಈ ಘಟನೆಗಳನ್ನು ನಮ್ಮ ಪಠ್ಯಗಳು ಸಾರುತ್ತವೆ. ಆದರೆ ಯಾವುದೇ ಜನರೇಟರನ್ನು ಗಿರಾಕಿಯ ತಂತಿಗೆ ಸೇರಿಸುವ ಮೊದಲು ಅದು ಹೊರೆ ಹೊರಬಲ್ಲದೋ ಇಲ್ಲವೋ ನೋಡಲೇಬೇಕು. ಆ ಕಾಲದ ಜಗತ್ತಿನಾದ್ಯಂತ ಈ ಕೆಲಸಕ್ಕೆ ಬಳಕೆಯಲ್ಲಿದ್ದುದು ನೀರಿನ ರೋಧಕ, ಅಂದರೆ ಉಪ್ಪನ್ನೋ ಸೋಡಾವನ್ನೋ ಬೆರೆಸಿದ ನೀರಿನ ತೊಟ್ಟಿ ಮತ್ತು ಅದರಲ್ಲಿ ಮುಳುಗಿಸುವ ಕಬ್ಬಿಣದ ತಗಡುಗಳು. ತಗಡು ಹೆಚ್ಚು ಮುಳುಗಿದಷ್ಟೂ ಪ್ರವಾಹ ಹೆಚ್ಚು. ನೂರು ವರ್ಷಗಳ ತರುವಾಯವೂ ಡೀಸೆಲ್ ಜನರೇಟರ್ ರಿಪೇರಿಯ ಕೆಲಸಗಾರರು 200 ಲೀಟರಿನ ಡ್ರಮ್ಮಿನಲ್ಲಿ ಮಾಡುತ್ತ ಬಂದದ್ದು ಅದನ್ನೇ. ರೈಲ್ವೆಯಲ್ಲಿ ಇದೇ ಪರೀಕ್ಷೆಗೆ ಲೋಡ್ ಬಾಕ್ಸ್ ಎಂಬ ಹೆಸರಿದೆ. ಹುಬ್ಬಳ್ಳಿ, ಕೃಷ್ಣರಾಜಪುರಗಳಂತಹ ಶೆಡ್‌ಗಳಲ್ಲಿ ದುರಸ್ತಿಯಾದ ಡೀಸೆಲ್ ಇಂಜಿನ್ನು ಹಳಿಯ ಮೇಲೆ ನಿಂತಲ್ಲೇ ನಿಂತು, ಒಂದು ಅಡಿಯೂ ಕದಲದೆ ಪೂರ್ಣ ಶಕ್ತಿಯಲ್ಲಿ ದುಡಿಯಬೇಕಾಗುತ್ತಿತ್ತು. 2600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಇಂಜಿನ್ನಾದರೆ ಸುಮಾರು ಎರಡು ಸಾವಿರ ಕಿಲೋವ್ಯಾಟಿನಷ್ಟು ಶಕ್ತಿ ನಿಂತ ನೆಲದಲ್ಲಿಯೇ ಕಾವಾಗಿ ಹೋಗಬೇಕು.

ಡ್ರಮ್ಮಿನ ಗುಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. 200 ಲೀಟರ್ ನೀರಿಗೆ 20 ಕಿಲೋವ್ಯಾಟ್ ಸುರಿದರೆ ಸುಮಾರು 42 ಸೆಕೆಂಡಿಗೆ ಒಂದು ಡಿಗ್ರಿಯಂತೆ ತಾಪ ಏರುತ್ತದೆ. ಭೀಮಾ ತೀರದ ಬೇಸಿಗೆಯಲ್ಲಿ ನೀರು ಆರಂಭದಲ್ಲಿಯೇ 35 ಡಿಗ್ರಿ ಇರುತ್ತದೆಯಾದ್ದರಿಂದ ಮುಕ್ಕಾಲು ತಾಸಿನೊಳಗೆ ಅದು ಕುದಿಯತೊಡಗುತ್ತದೆ. ಉಪ್ಪುನೀರು ಕಾದಷ್ಟೂ ವಿದ್ಯುತ್ತಿಗೆ ಹೆಚ್ಚು ದಾರಿ ಕೊಡುತ್ತದೆ, ಡಿಗ್ರಿಗೆ ಸರಿಸುಮಾರು ಶೇಕಡಾ ಎರಡರಂತೆ. ಅಂದರೆ ಹೊರೆ ತಾನಾಗಿಯೇ ಏರುತ್ತ ಹೋಗುತ್ತದೆ. ಇದನ್ನರಿತ ಕೆಲಸಗಾರ ಡ್ರಮ್ಮಿನ ಬಳಿಯಿಂದ ಕದಲುವುದಿಲ್ಲ. ಹಗ್ಗದಿಂದ ತಗಡನ್ನು ಮೆಲ್ಲಮೆಲ್ಲನೆ ಮೇಲೆತ್ತುತ್ತಿರುತ್ತಾನೆ. ಇದಕ್ಕೆ ತದ್ವಿರುದ್ಧವಾದದ್ದು ಹಳೆಯ ಬಲ್ಬು. ಆಳಂದ, ಅಫಜಲಪುರ, ಜೇವರ್ಗಿಯ ಪೇಟೆಗಳಲ್ಲಿ ಸ್ಟೆಬಿಲೈಸರು, ಇನ್ವರ್ಟರು ರಿಪೇರಿ ಮಾಡುವ ಅಂಗಡಿಗಳಲ್ಲಿ ಹಲಗೆಯ ಮೇಲೆ ಸಾಲಾಗಿ ಕೂಡಿಸಿದ 100 ವ್ಯಾಟಿನ ಬಲ್ಬುಗಳು ಕಾಣುತ್ತಿದ್ದವು. ಬಲ್ಬಿನ ಎಳೆ ಕಾದಷ್ಟೂ ವಿದ್ಯುತ್ತನ್ನು ತಡೆಯುತ್ತದೆ. ಉರಿಯುವಾಗ 529 ಓಮ್ ಇರುವ ಅದರ ರೋಧ ತಣ್ಣಗಿರುವಾಗ ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಸ್ವಿಚ್ಚು ಹಾಕಿದ ಕ್ಷಣದಲ್ಲಿ ಅದು ಹತ್ತುಪಟ್ಟು ಎಳೆದು, ತಕ್ಷಣವೇ ತನ್ನನ್ನು ತಾನು ಹಿಡಿತಕ್ಕೆ ತಂದುಕೊಳ್ಳುತ್ತದೆ. ಅನುಭವಿಗಳು ಬಲ್ಬುಗಳನ್ನು ಒಂದೊಂದಾಗಿ ಏಕೆ ಹೊತ್ತಿಸುತ್ತಿದ್ದರೆಂಬುದಕ್ಕೆ ಇದೇ ವಿವರಣೆ. ಉಪ್ಪುನೀರು ಬಿಟ್ಟಷ್ಟೂ ಏರುವ ಹೊರೆ, ಬಲ್ಬು ತಾನಾಗಿ ನಿಲ್ಲುವ ಹೊರೆ. ಈ ಎರಡು ಸ್ವಭಾವಗಳ ಭೇದವನ್ನು ಶಾಲೆಯ ಮೆಟ್ಟಿಲು ಹತ್ತದವರೂ ಬಲ್ಲರು.

ಈ ತಿಳಿವಳಿಕೆಯನ್ನು ಮೆಚ್ಚುವ ಭರದಲ್ಲಿ ನಾವು ಜಾನಪದ ಸಂಶೋಧಕರು ಒಂದು ತಪ್ಪು ಮಾಡುವುದುಂಟು. ಉಪ್ಪುನೀರಿನ ಡ್ರಮ್ಮು ಅಪಾಯಕಾರಿ. ಡ್ರಮ್ಮಿನ ಮೈಯೇ ವಿದ್ಯುತ್ತಿನ ದಾರಿಯಾಗಬಹುದು. ಬ್ಯಾಟರಿಯ ನೇರ ಪ್ರವಾಹಕ್ಕೆ ಅಡುಗೆ ಉಪ್ಪನ್ನು ಬಳಸಿದರೆ ಹೊತ್ತಿಕೊಳ್ಳುವ ಜಲಜನಕದ ಜೊತೆಗೆ ವಿಷಕಾರಿ ಕ್ಲೋರಿನ್ನೂ ಹುಟ್ಟುತ್ತದೆ. ವಾಷಿಂಗ್ ಸೋಡಾ ಬಳಸಿದರೆ ಕ್ಲೋರಿನ್ನಿನ ಬಾಧೆಯಾದರೂ ತಪ್ಪುತ್ತದೆ. ಜನಪದರ ಜ್ಞಾನವೆಂದ ಮಾತ್ರಕ್ಕೆ ಅದೆಲ್ಲವೂ ಪರಿಶುದ್ಧವೆಂದು ಬರೆಯುವ ರೂಢಿಯನ್ನು ಇಲ್ಲಿ ಪಾಲಿಸಲಾಗಿಲ್ಲ.

ನೀರಿನ ವಿಚಾರ ಬಂದಾಗ ಕನ್ನಡದ ಒಂದು ಕ್ರಿಯಾಪದ ನೆನಪಾಗುತ್ತದೆ. ಅನ್ನ ಆರುತ್ತದೆ, ಬಟ್ಟೆ ಆರುತ್ತದೆ, ದೀಪ ಆರುತ್ತದೆ. ಹಳಗನ್ನಡದಲ್ಲಿ ಶಕಟರೇಫದಿಂದ 'ಆಱು' ಎಂದಿದ್ದ ಈ ಧಾತು ತಣಿಯುವುದನ್ನೂ ಒಣಗುವುದನ್ನೂ ನಂದುವುದನ್ನೂ ಒಂದೇ ಮಾತಿನಲ್ಲಿ ಹಿಡಿಯುತ್ತದೆ. ಒಂದು ಪದದಿಂದ ಒಂದು ಶಾಸ್ತ್ರವನ್ನು ಹೊರಡಿಸುವುದು ತರವಲ್ಲ. ಆದರೂ ಒದ್ದೆ ಆರುವುದಕ್ಕೂ ಕಾವು ಆರುವುದಕ್ಕೂ ಸಂಬಂಧವಿರುವುದು ನಿಜ. ಮಣ್ಣೂರಿನ ಪಡಸಾಲೆಯ ಹರವಿಯಲ್ಲಿ ನೀರು ತಂಪಾಗುವುದು ಮಣ್ಣಿನ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಕಾವನ್ನು ಹೊತ್ತೊಯ್ಯುವುದರಿಂದಲೇ. ಒಂದು ಲೀಟರ್ ನೀರು 20 ಡಿಗ್ರಿ ಬಿಸಿಯಾದರೆ ಸುಮಾರು 84 ಕಿಲೋಜೌಲ್ ಕಾವನ್ನು ಹೀರುತ್ತದೆ. ಅದೇ ಒಂದು ಲೀಟರ್ ಕುದಿದು ಆವಿಯಾದರೆ ಹೀರುವುದು ಸುಮಾರು 2257 ಕಿಲೋಜೌಲ್, ಅಂದರೆ ಇಪ್ಪತ್ತೇಳು ಪಟ್ಟು. ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡವರು ರೇಡಿಯೋ ಟ್ರಾನ್ಸ್‌ಮಿಟರುಗಳನ್ನು ತಯಾರಿಸಿದವರು.

ಕರ್ನಾಟಕದ ರೇಡಿಯೋ ಚರಿತ್ರೆ ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಮನೆಯಿಂದ ಆರಂಭವಾಗುತ್ತದೆ. ಅವರ ಮೊದಲ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಅಷ್ಟರ ಕಾವನ್ನು ಒಂದು ಸಣ್ಣ ಬಲ್ಬು ಕಳೆದೀತು. ಧಾರವಾಡ ಕೇಂದ್ರ 1950ರಲ್ಲಿ, ಗುಲಬರ್ಗಾ ಕೇಂದ್ರ 1966ರಲ್ಲಿ ಬಂದವು. 1994ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ 500 ಕಿಲೋವ್ಯಾಟಿನ ಹ್ರಸ್ವ ತರಂಗದ ಟ್ರಾನ್ಸ್‌ಮಿಟರುಗಳು ನೆಲೆಗೊಂಡವು. ಅರುವತ್ತು ವರ್ಷಗಳೊಳಗೆ ಶಕ್ತಿ ಹದಿನಾರು ಸಾವಿರ ಪಟ್ಟಿಗೂ ಮಿಗಿಲಾಗಿ ಬೆಳೆಯಿತು. ಟ್ರಾನ್ಸ್‌ಮಿಟರನ್ನು ದುರಸ್ತಿಯ ಬಳಿಕ ನೇರವಾಗಿ ಆಂಟೆನಾಕ್ಕೆ ಸೇರಿಸುವಂತಿಲ್ಲ. ತಪ್ಪಿದ ತರಂಗ ಆಕಾಶಕ್ಕೆ ಹೋಗಿ ಬೇರೆಯವರ ಪ್ರಸಾರವನ್ನು ಕೆಡಿಸುತ್ತದೆ. ಆದ್ದರಿಂದ ಮೊದಲು ಹುಸಿಹೊರೆ, ಅನಂತರ ಆಂಟೆನಾ. 500 ಕಿಲೋವ್ಯಾಟನ್ನು ಹರಿಯುವ ನೀರಿಗೆ ಒಪ್ಪಿಸಿ, ಆ ನೀರು 20 ಡಿಗ್ರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಬೇಕಾದರೆ ಸೆಕೆಂಡಿಗೆ ಸುಮಾರು ಆರು ಲೀಟರ್ ನೀರು ಬೇಕು. ನಮ್ಮ ಹೆಣ್ಣುಮಕ್ಕಳು ಹೊತ್ತು ತರುವ ಹನ್ನೆರಡು ಲೀಟರಿನ ಕೊಡದ ಲೆಕ್ಕದಲ್ಲಿ ಎರಡು ಸೆಕೆಂಡಿಗೆ ಒಂದು ಕೊಡ. ಅದೇ ಕಾವನ್ನು ಕುದಿಯುವ ನೀರಿಗೆ ಒಪ್ಪಿಸಿದರೆ ಸೆಕೆಂಡಿಗೆ ಕಾಲು ಲೀಟರಿಗೂ ಕಡಿಮೆ ಸಾಕು.

ಈ ಉಪಾಯವನ್ನು ಟ್ರಾನ್ಸ್‌ಮಿಟರಿನ ವಾಲ್ವುಗಳಿಗೆ ಅಳವಡಿಸಿದವನು ಫ್ರಾನ್ಸಿನ ತೋಮ್ಸೋ-ಹೂಸ್ತೋ ಸಂಸ್ಥೆಯ ಶಾರ್ಲ್ ಬ್ಯೂರ್ತರೆ. 1950ರ ದಶಕದ ಆತನ 'ವ್ಯಾಪೊಟ್ರಾನ್' ವಾಲ್ವಿನ ತಾಮ್ರದ ಮೈಗೆ ದಪ್ಪ ಹಲ್ಲುಗಳಿದ್ದು, ನೀರು ಅವುಗಳ ಸಂದಿನಲ್ಲಿ ಕುದಿದು ಆವಿಯಾಗಿ ಮೇಲೇರುತ್ತಿತ್ತು. ಮೇಲೆ ತಣಿದು ಮತ್ತೆ ಕೆಳಗಿಳಿಯುತ್ತಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇನ್ನೊಂದು ಫ್ರೆಂಚ್ ಕಂಪನಿಯಾದ ಸಿ.ಎಸ್.ಎಫ್.ನ ಸಹಯೋಗದಲ್ಲಿ ಆರಂಭವಾಯಿತು. ಮುಂದೆ ಟ್ರಾನ್ಸ್‌ಮಿಟರುಗಳನ್ನೂ ಅವುಗಳ ವಾಲ್ವುಗಳನ್ನೂ ತಯಾರಿಸಿತು. ವ್ಯಾಪೊಟ್ರಾನನ್ನು ಹರವಿಯ ವಂಶಸ್ಥನೆಂದು ಹೇಳುವ ಧೈರ್ಯ ನನಗಿಲ್ಲ. ಅವೆರಡೂ ಒಂದೇ ನಿಯಮಕ್ಕೆ ಬದ್ಧವಾಗಿವೆ ಎಂದಷ್ಟೇ ಹೇಳಬಹುದು.

ವಾಲ್ವುಗಳ ಕಾಲ ಮುಗಿದು ಟ್ರಾನ್ಸಿಸ್ಟರುಗಳ ಕಾಲ ಬಂದ ಮೇಲೆ ಹುಸಿಹೊರೆಯ ರೂಪವೂ ಬದಲಾಯಿತು. 1970ರ ದಶಕದ ಕೊನೆಯ ಹೊತ್ತಿಗೆ ಅಧಿಕ ಶಕ್ತಿಯ ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು ಮಾರುಕಟ್ಟೆಗೆ ಬಂದವು. ಅವುಗಳನ್ನು ಬಳಸಿ ರೂಪಿಸಿದ ಇಲೆಕ್ಟ್ರಾನಿಕ್ ಹೊರೆಯಲ್ಲಿ ಗುಂಡಿ ತಿರುಗಿಸಿದಷ್ಟು ಪ್ರವಾಹವನ್ನು ಎಳೆಯಬಹುದು. ತಗಡು ಎತ್ತಿ ಇಳಿಸಬೇಕಿಲ್ಲ, ಬಲ್ಬು ಎಣಿಸಬೇಕಿಲ್ಲ. ಸೌರಫಲಕ, ಬ್ಯಾಟರಿ, ಇನ್ವರ್ಟರು, ದೂರಸಂಪರ್ಕದ ವಿದ್ಯುತ್ ಪೂರೈಕೆ ಇವುಗಳ ಪರೀಕ್ಷೆ ಇಂದು ಬಹುಮಟ್ಟಿಗೆ ಇದರಿಂದಲೇ ನಡೆಯುತ್ತದೆ. ಆದರೆ ಕಾವಿನ ಸಮಸ್ಯೆ ಕಡಿಮೆಯಾಗುವ ಬದಲು ಇಕ್ಕಟ್ಟಾಯಿತು. ಡ್ರಮ್ಮಿನಲ್ಲಿ 200 ಲೀಟರ್ ನೀರಿಗೆ ಹರಡುತ್ತಿದ್ದ ಕಾವು ಈಗ ಉಗುರಿನಷ್ಟೂ ಅಗಲವಿಲ್ಲದ ಸಿಲಿಕಾನ್ ಚೂರಿನಲ್ಲಿ ಹುಟ್ಟುತ್ತದೆ.

ಇಲ್ಲಿ ಹೊಸದೊಂದು ಕೇಡೂ ಇದೆ. ಸ್ವಿಚ್ಚಿನಂತೆ ಬಳಸುವಾಗ ಮಾಸ್‌ಫೆಟ್ ಕಾದಷ್ಟೂ ಪ್ರವಾಹವನ್ನು ತಡೆಯುತ್ತದೆ. ಬಲ್ಬಿನ ಸ್ವಭಾವ ಅದರದು. ಹುಸಿಹೊರೆಯಲ್ಲಿ ಅದನ್ನು ಅರ್ಧ ತೆರೆದ ಬಾಗಿಲಿನಂತೆ ಬಳಸಬೇಕಾಗುತ್ತದೆ. ಆ ಸ್ಥಿತಿಯಲ್ಲಿ ಅದರ ಸ್ವಭಾವ ತಿರುಗಿ, ಉಪ್ಪುನೀರಿನಂತೆ ಕಾದ ಕಡೆಗೇ ಹೆಚ್ಚು ಪ್ರವಾಹ ಹರಿಯತೊಡಗುತ್ತದೆ. ಆ ಚೂರಿನೊಳಗೆ ಸಾವಿರಾರು ಸೂಕ್ಷ್ಮ ಕೋಶಗಳಿರುತ್ತವೆ. ಎರೆ ಹೊಲದ ಒಡ್ಡು ಒಂದು ಕಡೆ ಸಡಿಲಾದರೆ ಮಳೆಯ ನೀರೆಲ್ಲ ಅಲ್ಲಿಗೇ ನುಗ್ಗಿ ಆ ಕಂಡಿಯನ್ನೇ ಹಿರಿದು ಮಾಡುವಂತೆ, ತುಸು ಹೆಚ್ಚು ಕಾದ ಕೋಶದ ಕಡೆಗೆ ಪ್ರವಾಹ ನುಗ್ಗಿ ಕ್ಷಣಾರ್ಧದಲ್ಲಿ ಟ್ರಾನ್ಸಿಸ್ಟರು ಸುಟ್ಟುಹೋಗುತ್ತದೆ. ಹೊರಗಿನ ಮೈ ಮುಟ್ಟಿದರೆ ಇನ್ನೂ ಬೆಚ್ಚಗೆ ಮಾತ್ರ ಇರುತ್ತದೆ. ಬೆರಳಿನ ವಿದ್ಯೆ ಸೋಲುವುದು ಇಲ್ಲಿ. ಒಡ್ಡಿನ ಕೇಡಿಗೆ ರೈತರು ಕಂಡುಕೊಂಡ ಪರಿಹಾರವೇ ಇಲ್ಲಿಯೂ ನಡೆಯುತ್ತದೆ, ನೀರನ್ನು ಹಲವು ಸಣ್ಣ ಮಡಿಗಳಿಗೆ ಹಂಚುವುದು. ಒಂದು ದೊಡ್ಡ ಟ್ರಾನ್ಸಿಸ್ಟರಿನ ಬದಲು ಹತ್ತು ಹನ್ನೆರಡನ್ನು ಸಾಲಾಗಿಟ್ಟು, ಪ್ರತಿಯೊಂದಕ್ಕೂ ತನ್ನದೇ ಸಣ್ಣ ರೋಧಕ ಮತ್ತು ತನ್ನದೇ ನಿಯಂತ್ರಣ ಕೊಟ್ಟರೆ ಯಾವುದೂ ಇನ್ನೊಂದರ ಪಾಲನ್ನು ಎಳೆದುಕೊಳ್ಳುವುದಿಲ್ಲ. ಹಾಗೆ ಹಂಚಿದ ಮೇಲೂ ಪ್ರತಿಯೊಂದನ್ನು ಅದರ ಘೋಷಿತ ಸಾಮರ್ಥ್ಯದ ಒಂದು ಅಂಶಕ್ಕಷ್ಟೇ ದುಡಿಸುತ್ತಾರೆ.

ಸಿಲಿಕಾನಿನಲ್ಲಿ ಹುಟ್ಟಿದ ಕಾವು ಹೊರಗಿನ ಗಾಳಿಯನ್ನು ಸೇರುವ ಮೊದಲು ಹಲವು ಕೈ ದಾಟಬೇಕು: ಟ್ರಾನ್ಸಿಸ್ಟರಿನ ತಳದ ಲೋಹ, ಅದರಡಿಯ ಅಭ್ರಕದ ಹಾಳೆ, ಪೇಸ್ಟು, ಅಲ್ಯುಮಿನಿಯಮ್ಮಿನ ರೆಕ್ಕೆಗಳುಳ್ಳ ಹೀಟ್‌ಸಿಂಕು, ಕೊನೆಗೆ ಗಾಳಿ. ಪ್ರತಿ ದಾಟಿನಲ್ಲಿಯೂ ಕೆಲವು ಡಿಗ್ರಿಗಳ ಸುಂಕ ತೆರಬೇಕಾಗುತ್ತದೆ. ಪೇಸ್ಟಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಅದನ್ನು ದಪ್ಪಗೆ ಮೆತ್ತುವುದು. ಪೇಸ್ಟಿನ ಕೆಲಸ ಎರಡು ಲೋಹಗಳ ನಡುವಿನ ಗಾಳಿಯ ಸಂದುಗಳನ್ನು ತುಂಬುವುದು ಮಾತ್ರ. ಅದೇ ಒಂದು ಪದರವಾದರೆ ಕಾವಿಗೆ ಹೊದಿಕೆಯಾಗುತ್ತದೆ. ಬಂಡಿಯ ಗಾಲಿಗೆ ಕಾಸಿದ ಹಳಿ ಕೂಡಿಸುವ ಕಮ್ಮಾರ ಹಳಿಗೂ ಮರಕ್ಕೂ ನಡುವೆ ಎಳ್ಳಷ್ಟೂ ಸಂದು ಉಳಿಯದಂತೆ ನೋಡಿಕೊಳ್ಳುತ್ತಾನೆ. ಅವನ ಉದ್ದೇಶ ಬೇರೆ, ಕಣ್ಣಿನ ಎಚ್ಚರ ಒಂದೇ.

ಇನ್ನು ಗಾಳಿಯ ವಿಚಾರ. ಚರಿತ್ರೆಯಲ್ಲಿ ದಾಖಲಾಗದೆ ಉಳಿದಿರುವ ಮುಖ್ಯ ಅಂಶ ಇದೇ ಎಂಬುದು ನನ್ನ ಅಭಿಪ್ರಾಯ. ಟ್ರಾನ್ಸಿಸ್ಟರಿನ ಸಾಮರ್ಥ್ಯವನ್ನು ತಯಾರಕರು ಘೋಷಿಸುವುದು ಅದರ ತಳ 25 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂಬ ಲೆಕ್ಕದ ಮೇಲೆ. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ತಾಪ 42 ಡಿಗ್ರಿ ದಾಟುವುದು ಅಪರೂಪವಲ್ಲ. ತಗಡಿನ ಮಾಡಿನ ಅಂಗಡಿಯೊಳಗೆ 45 ಡಿಗ್ರಿ ಸಾಮಾನ್ಯ. ಸಿಲಿಕಾನಿನ ತಾಪ 125 ಡಿಗ್ರಿ ಮೀರಬಾರದೆಂದು ಇಟ್ಟುಕೊಂಡರೆ 25 ಡಿಗ್ರಿಯ ಊರಿನಲ್ಲಿ ಕಾವಿನ ಪಯಣಕ್ಕೆ 100 ಡಿಗ್ರಿಗಳ ಇಳಿಜಾರು ಸಿಗುತ್ತದೆ, ಇಲ್ಲಿ 80 ಮಾತ್ರ. ಅಲ್ಲಿ 1000 ವ್ಯಾಟ್ ಕಳೆಯುವ ಹೊರೆ ಇಲ್ಲಿ 800 ವ್ಯಾಟಿಗೆ ನಿಲ್ಲಬೇಕು. ಕಾದ ಗಾಳಿ ಹಗುರವೂ ಆಗಿರುವುದರಿಂದ ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಶೇಕಡಾ ಆರರಷ್ಟು ಕಡಿಮೆ ಗಾಳಿಯನ್ನು ತಳ್ಳುತ್ತದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಎರೆಮಣ್ಣಿನ ಧೂಳು ಕೂತಿದ್ದರೆ ಇನ್ನೂ ಕಡಿಮೆ. 1000 ವ್ಯಾಟನ್ನು ಹೊತ್ತ ಗಾಳಿ 15 ಡಿಗ್ರಿ ಮಾತ್ರ ಏರಬೇಕೆಂದರೆ ಸೆಕೆಂಡಿಗೆ ಸುಮಾರು 60 ಲೀಟರ್ ಗಾಳಿ ಹಾಯಬೇಕು. ನೀರಾದರೆ 16 ಮಿಲಿಲೀಟರ್ ಸಾಕಾಗುತ್ತಿತ್ತು. ಗಾಳಿ ಪುಕ್ಕಟೆ ಸಿಗುತ್ತದೆ, ಆದರೆ ಕಾವನ್ನು ಹೊರುವುದರಲ್ಲಿ ಅದು ಬಡಕಲು.

ಯಂತ್ರದ ಮೈಮೇಲಿನ ಫಲಕದಲ್ಲಿ ಬರೆದಿರುವ ಸಂಖ್ಯೆಗೂ ಭೀಮಾ ತೀರದಲ್ಲಿ ಅದು ನಿಜವಾಗಿ ಕೊಡುವ ದುಡಿಮೆಗೂ ನಡುವಿನ ಈ ಅಂತರವನ್ನು ತುಂಬುತ್ತ ಬಂದಿರುವುದು ಬರೆದಿಡದ ತಿಳಿವಳಿಕೆ. ಬೇಸಿಗೆಯಲ್ಲಿ ಪೂರ್ತಿ ಹೊರೆ ಹಾಕಬಾರದು, ಪರೀಕ್ಷೆಯನ್ನು ನಸುಕಿನಲ್ಲಿಯೇ ಮುಗಿಸಬೇಕು, ಯಂತ್ರವನ್ನು ಗೋಡೆಗೆ ಒತ್ತಿ ಇಡಬಾರದು, ಮುಗಿದ ಮೇಲೂ ಫ್ಯಾನನ್ನು ತಕ್ಷಣ ನಿಲ್ಲಿಸಬಾರದು. ಇವನ್ನು ಗುರು ಶಿಷ್ಯನಿಗೆ ಹೇಳುವುದು ಬೈಗುಳದ ಜೊತೆಯಲ್ಲಿಯೇ ಹೊರತು ಪಾಠವಾಗಿ ಅಲ್ಲ. ಇದೇ ನಾಡಿನ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಬಿಸಿಗಾಳಿ ಮೇಲೆ ಹೋಗಲು ಬಿಟ್ಟ ಬೆಳಕಿಂಡಿ, ನೆಲಕ್ಕೆ ಹಾಸಿದ ಶಹಾಬಾದಿನ ಕಲ್ಲು ಇವುಗಳನ್ನು ಕುರಿತು ನಾವು ಸಂಪ್ರಬಂಧಗಳನ್ನು ಬರೆದಿದ್ದೇವೆ. ಅದೇ ಮನೆಯ ಪಡಸಾಲೆಯಲ್ಲಿ ಕುಳಿತು ಇನ್ವರ್ಟರು ಬಿಚ್ಚುವವನ ಕೈಚಳಕವನ್ನು ಜಾನಪದವೆಂದು ಎಣಿಸಲು ಹಿಂಜರಿದಿದ್ದೇವೆ. ಈ ಹಿಂಜರಿಕೆಯಲ್ಲಿ ನನ್ನ ಪಾಲೂ ಇದೆ. ಆ ಮಧ್ಯಾಹ್ನದ ಬಕೀಟಿನ ಸಂಗತಿ ನನ್ನ ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಅಂಚಿನ ಒಂದು ಸಾಲಾಗಿ ಮಾತ್ರ ಉಳಿದಿದೆ; ಆಟದ ಪಾತ್ರಧಾರಿಗಳ ಹೆಸರು, ವಯಸ್ಸು, ಮನೆತನಗಳನ್ನೆಲ್ಲ ಬರೆದುಕೊಂಡ ನಾನು ಮೈಕ್‌ಸೆಟ್‌ನವರ ಹೆಸರನ್ನು ಕೇಳಿರಲಿಲ್ಲ.

ಸಂಗ್ರಹಕ್ಕೆ ಕಾಲ ಬಹಳವಿಲ್ಲ. 2015ರಲ್ಲಿ ಉಜಾಲಾ ಯೋಜನೆ ಆರಂಭವಾದ ಮೇಲೆ ಎಲ್‌ಇಡಿ ದೀಪಗಳು ಮನೆಮನೆಗೆ ಬಂದು, 100 ವ್ಯಾಟಿನ ಬಲ್ಬು ಹಳ್ಳಿಯ ಅಂಗಡಿಗಳಲ್ಲಿ ಅಪರೂಪವಾಯಿತು. ಎಲ್‌ಇಡಿ ದೀಪ ವಿದ್ಯುತ್ ಉಳಿಸುತ್ತದೆ, ಆದರೆ ಹುಸಿಹೊರೆಗೆ ಅದು ನಿಷ್ಪ್ರಯೋಜಕ. ಬಲ್ಬಿನ ಹಲಗೆಗಳು ಅಟ್ಟ ಸೇರುತ್ತಿವೆ. ರೈಲು ಮಾರ್ಗಗಳು ವಿದ್ಯುದೀಕರಣಗೊಂಡು ಡೀಸೆಲ್ ಇಂಜಿನ್ನುಗಳು ಹಿಂದೆ ಸರಿಯುತ್ತಿರುವುದರಿಂದ ಲೋಡ್ ಬಾಕ್ಸಿನ ಮುಂದೆ ನಿಂತು ಕಿವಿಯಿಂದಲೇ ಇಂಜಿನ್ನಿನ ಹದ ಹೇಳುತ್ತಿದ್ದವರೂ ನಿವೃತ್ತರಾಗುತ್ತಿದ್ದಾರೆ.

ದೊಡ್ಡ ಕಾರ್ಖಾನೆಗಳಲ್ಲಿ ಈಗ ಕಾವು ಕಳೆಯುವ ಬದಲು ಪರೀಕ್ಷೆಯ ವಿದ್ಯುತ್ತನ್ನು ಮರಳಿ ಜಾಲಕ್ಕೆ ಸೇರಿಸುವ ಹೊರೆಗಳು ಬಂದಿವೆ. ಎಲೆಕ್ಟ್ರಿಕ್ ರೈಲು ಇಂಜಿನ್ನುಗಳು ಬ್ರೇಕು ಹಾಕುವಾಗ ತಂತಿಗೆ ವಿದ್ಯುತ್ ಮರಳಿಸುವುದೂ ಇದೇ ಕ್ರಮದಲ್ಲಿ. ಇದು ಲಾಭದಾಯಕವೆಂಬುದರಲ್ಲಿ ಸಂಶಯವಿಲ್ಲ. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದಂತಹ ಕಡೆ 210 ಮೆಗಾವ್ಯಾಟ್ ವಿದ್ಯುತ್ ಹುಟ್ಟಬೇಕಾದರೆ ಸ್ಥೂಲವಾಗಿ ಅದಕ್ಕಿಂತ ಹೆಚ್ಚಿನ ಕಾವನ್ನು ನೀರಿಗೂ ಗಾಳಿಗೂ ಚೆಲ್ಲಲೇಬೇಕಾಗುತ್ತದೆ. ಅಷ್ಟು ಚೆಲ್ಲಿ ಪಡೆದ ವಿದ್ಯುತ್ತನ್ನು ಪರೀಕ್ಷೆಯ ಹೆಸರಿನಲ್ಲಿ ಮತ್ತೆ ಚೆಲ್ಲದಿರುವುದು ಒಳ್ಳೆಯದೇ. ಆದರೆ ಈ ಮರಳಿಸುವ ಹೊರೆಗಳೂ ಪೂರ್ತಿ ಮರಳಿಸುವುದಿಲ್ಲ. ನೂರರಲ್ಲಿ ತೊಂಬತ್ತನ್ನು ಹಿಂದಿರುಗಿಸಿದರೂ 100 ಕಿಲೋವ್ಯಾಟಿನ ಪರೀಕ್ಷೆಯಲ್ಲಿ 10 ಕಿಲೋವ್ಯಾಟ್ ಕಾವಾಗಿಯೇ ಉಳಿಯುತ್ತದೆ. ಮಣ್ಣೂರಿನ ಬಕೀಟಿನಲ್ಲಿ ಆ ಮಧ್ಯಾಹ್ನ ಕಳೆದುಹೋದದ್ದರ ಐವತ್ತು ಪಟ್ಟಿಗೂ ಮಿಗಿಲಾದ ಆ ಕಾವನ್ನು ಹೊರಗೆ ತಳ್ಳಲು ಅವುಗಳ ಬೆನ್ನಿನಲ್ಲಿಯೂ ಫ್ಯಾನು ತಿರುಗುತ್ತಲೇ ಇರುತ್ತದೆ, ಅದರ ಜಾಳಿಗೆಗೂ ಧೂಳು ಕೂರುತ್ತದೆ.